ರವಿವಾರದ ಕುಂಕುಮ

ಲುಬ್ಲಿನ್, ಪೋಲಂಡ್
೬ ಅಕ್ಟೋಬರ್ ೨೦೨೪

ಅಪ್ಪನಿಗೆ ರಾಜೇಶ್ವರಿಯ ಶರಣು.

ಸುಖವಾಗಿ ಬಂದು ಮುಟ್ಟಿದ್ದನ್ನು ಅವ್ವ ಹೇಳಿರಬೇಕು. ರವಿವಾರಕ್ಕೊಮ್ಮೆ ಅವಳ ಜೊತೆ ವಿಡಿಯೋದಲ್ಲಿ ಮಾತಾಡುತ್ತೇನೆ, ನೀನು ಮಾತ್ರ ಫೋನಿನ ಹತ್ತಿರವೇ ಸುಳಿಯುವುದಿಲ್ಲ. "ಬಾಯಿ ಆಡಸೂದು ಕಾಣ್ತೈತಿ, ಮಾತೇ ಕೇಳಂಗಿಲ್ಲ" ಎಂದು ಎದ್ದು ಹೋಗುತ್ತೀ. ಇಷ್ಟು ವರ್ಷ ಹಿಟ್ಟಿನ ಗಿರಣಿಯ ಗದ್ದಲದಲ್ಲಿ ನಿಂತ ಕಿವಿಗೆ ಫೋನು ಯಾವ ಲೆಕ್ಕ? ಅದಕ್ಕೇ ನಿನಗೆ ಕಾಗದ. ಅವ್ವನ ಕೈಗೆ ಕೊಡದೆ ನೀನೇ ಕನ್ನಡಕ ಹಾಕಿಕೊಂಡು ಓದು.

"ಹಿಟ್ಟು ಬೀಸೂದು ಕಲಿಯಾಕ ಪೋಲಂಡಿಗೆ ಹೋಗಬೇಕೇನು" ಎಂದು ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ನಕ್ಕಿದ್ದೆಯಲ್ಲ, ಇಲ್ಲಿಯ ಲ್ಯಾಬ್ ನೋಡಿದ್ದರೆ ನಗು ನಿಲ್ಲುತ್ತಿತ್ತು. ಗೋದಿಯ ಒಂದೇ ಕಾಳನ್ನು ಸೀಳಿ ಪದರ ಪದರ ನೋಡುತ್ತೇವೆ. ಪಾಠ ಮಾಡುವ ಮೇಡಂ ಒಳ್ಳೆಯವರು. ನನ್ನ ಕೋಣೆಯಲ್ಲಿ ಇರುವವಳು ಕಾಸಿಯಾ ಎಂಬ ಹುಡುಗಿ. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ತಿಂದು ಕಣ್ಣೀರು ಸುರಿಸಿದಳು, ಮರುದಿನ ಮತ್ತೆ ಕೇಳಿದಳು.

ಚಳಿ ಈಗಲೇ ಜೋರಾಗಿದೆ. ಫೆಬ್ರುವರಿಯಲ್ಲಿ ಪರೀಕ್ಷೆ ಮುಗಿಸಿ ಬಂದರೆ ಧಾರವಾಡದ ಓದು ಹಾಗೆಯೇ ಮುಂದುವರಿಯುತ್ತದೆ. ನಡುವೆ ಬಿಟ್ಟು ಬಂದರೆ ಒಂದು ವರ್ಷ ಹೋದಂತೆಯೇ ಎಂದು ಇಲ್ಲಿಗೆ ಕಳಿಸುವಾಗ ಕಾಲೇಜಿನವರು ಹೇಳಿದ್ದಾರೆ. ಆದ್ದರಿಂದ ಹಲ್ಲು ಕಚ್ಚಿಕೊಂಡು ಇರುತ್ತೇನೆ.

ನಿನ್ನ ಮಗಳು,
ರಾಜೇಶ್ವರಿ


ಇಂಗಳೇಶ್ವರ
೧೯ ಅಕ್ಟೋಬರ್ ೨೦೨೪

ರಾಜವ್ವಾ,

ಕಾಗದ ಮುಟ್ಟಿತು. ನಾನು ಓದಿ ಮುಗಿಸುವುದರೊಳಗೆ ನಿಮ್ಮವ್ವ ಕಸಿದುಕೊಂಡಳು. ಬೈಯಲು ನೀನು ಮನೆಯಲ್ಲಿಲ್ಲ, ಅದಕ್ಕೆ ಈಗ ನಿನ್ನ ಪಾಲಿನ ಬೈಗುಳವೂ ನನಗೇ ಬರುತ್ತಿದೆ.

ಆ ದೇಶದ ಗಿರಣಿಗಳಲ್ಲಿ ಕಲ್ಲು ಇವೆಯೋ, ಬರೀ ಕಬ್ಬಿಣದ ಉರುಳೋ ಕೇಳಿ ಬರಿ. ಕಲ್ಲಿದ್ದರೆ ಸವೆದ ಮೇಲೆ ಉಳಿ ಹೊಡೆಯುವವರು ಯಾರು? ಇಲ್ಲಿ ಆ ಕೆಲಸದವರೇ ಸಿಗುತ್ತಿಲ್ಲ, ನಾನೇ ಕೂತು ಹೊಡೆಯುತ್ತೇನೆ. ಹಿಂಗಾರಿ ಬಿತ್ತಿಗೆ ನಡೆದಿದೆ, ಗಿರಣಿಗೆ ಜನ ಕಡಿಮೆ. ಎದೆಯಲ್ಲಿ ಸ್ವಲ್ಪ ಉರಿ ಎಂದದ್ದಕ್ಕೆ ನಿಮ್ಮವ್ವ ಖಾರ ನಿಲ್ಲಿಸಿದ್ದಾಳೆ, ಊಟಕ್ಕೆ ರುಚಿಯೇ ಇಲ್ಲ.

ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು.

ನಿಮ್ಮಪ್ಪ,
ಗುರಪ್ಪ


ಲುಬ್ಲಿನ್
೩ ನವೆಂಬರ್ ೨೦೨೪

ಅಪ್ಪನಿಗೆ ಶರಣು.

ನಿನ್ನ ಕಾಗದ ನಿನ್ನೆ ಬಂತು. ಇಲ್ಲಿ ದೊಡ್ಡ ಗಿರಣಿಗಳಲ್ಲೆಲ್ಲ ಕಬ್ಬಿಣದ ಉರುಳುಗಳೇ. ಹಳೆಯ ಕಲ್ಲಿನ ಗಿರಣಿಯೊಂದನ್ನು ನೋಡುವುದಕ್ಕೆಂದು ಇಟ್ಟಿದ್ದಾರೆ, ಮುಟ್ಟಲು ಬಿಡುವುದಿಲ್ಲ.

ದೀಪಾವಳಿ ಅಮಾವಾಸ್ಯೆಗೆ ಫೋನ್ ಮಾಡಿದರೆ ಅವ್ವನ ಮುಖವೇ ಕಾಣಲಿಲ್ಲ, ನೆಟ್ ಸರಿಯಿಲ್ಲ ಎಂದಳು. ಧ್ವನಿಯೂ ಕಟ್ಟಿತ್ತು. ನೆಗಡಿಯಾಗಿದ್ದರೆ ಬಾಗೇವಾಡಿಗೆ ಕರೆದುಕೊಂಡು ಹೋಗಿ ತೋರಿಸು.

ಇಲ್ಲಿ ನಾನೊಂದು ಪೇಚಾಟ ಮಾಡಿಕೊಂಡೆ. ಶುಕ್ರವಾರ ಇವರಿಗೆ ದೊಡ್ಡ ರಜೆ. ಮೇಡಂ ಮನೆಗೆ ಊಟಕ್ಕೆ ಕರೆದಿದ್ದರು. ಹಬ್ಬದ ದಿನ ಬರಿಗೈಯಲ್ಲಿ ಹೋಗುವುದು ಹೇಗೆ? ಹಿಂದಿನ ದಿನ ಪೇಟೆಯ ತುಂಬ ಸೇವಂತಿಗೆಯ ಕುಂಡಗಳು. ಪೂಜೆಯ ಹೂವಲ್ಲವೇ ಎಂದು ದೊಡ್ಡದೊಂದು ಕುಂಡ ಕೊಂಡಿಟ್ಟೆ. ಹೋಗುವಾಗ ಒಂದು ಹೂ ಕಿತ್ತು ಜಡೆಗೂ ಮುಡಿದುಕೊಂಡೆ. ಬಾಗಿಲು ತೆರೆದ ಮೇಡಂ ಅವರ ತಾಯಿ ನನ್ನನ್ನು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಇಲ್ಲಿ ಸೇವಂತಿಗೆ ಸತ್ತವರ ಹೂವಂತೆ. ಆ ದಿನ ಎಲ್ಲರೂ ತಮ್ಮವರ ಗೋರಿಗಳಿಗೆ ಹೋಗುವ ದಿನವಂತೆ.

ಮೇಡಂ ನಕ್ಕು, "ಬಾ, ಇದನ್ನು ಇಡಬೇಕಾದಲ್ಲಿ ಇಡೋಣ" ಎಂದು ಸಂಜೆ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಕಣ್ಣು ಹಾಯುವವರೆಗೂ ದೀಪ. ನಮ್ಮ ಊರಿನಲ್ಲಿ ಮನೆಗಳಿಗೆ ಹಚ್ಚುವ ದಿನವೇ ಇಲ್ಲಿ ಗೋರಿಗಳಿಗೆ ಹಚ್ಚಿದ್ದಾರೆ. ಒಂದು ಗೋರಿಗೆ ಯಾರೂ ಬಂದಿರಲಿಲ್ಲ. ಕುಂಡ ಅಲ್ಲಿಟ್ಟು, ದೀಪ ಹಚ್ಚಿ, ಕೈ ಮುಗಿದೆ. ಯಾರೋ ಏನೋ, ಆದರೂ ಅಳು ಬಂತು. ಊರಿನ ನೆನಪಿಗೆ ಇರಬೇಕು.

ಈಗ ನಿಜ ಹೇಳುತ್ತೇನೆ ಅಪ್ಪಾ. ನನಗೆ ಸಾಕಾಗಿದೆ. ಲ್ಯಾಬಿನಲ್ಲಿ ನನ್ನ ಗುಂಪಿನವರು ಕೂಡಿ ಓದುವಾಗ ನನ್ನನ್ನು ಕರೆಯುವುದಿಲ್ಲ. ಮೊದಲ ಟೆಸ್ಟಿನಲ್ಲಿ ನಪಾಸಾದೆ. ಬಸ್ಸು ತುಂಬಿದ್ದರೂ ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ. ಹೋದ ವಾರ ಬಸ್ ಸ್ಟಾಪಿನಲ್ಲಿ ಕುಡಿದವನೊಬ್ಬ ಏನೋ ಕೂಗಿ ನನ್ನ ಮೇಲೆ ಬಿಯರ್ ಸುರಿದ. ಸುತ್ತ ನಿಂತವರೆಲ್ಲ ಫೋನ್ ನೋಡುತ್ತಿದ್ದರು. ಒದ್ದೆ ಬಟ್ಟೆಯಲ್ಲೇ ನಡೆದು ಬಂದೆ.

ಅವ್ವನನ್ನು ಕೇಳಿದರೆ ಇರು ಅನ್ನುತ್ತಾಳೆ. ಅದಕ್ಕೆ ನಿನ್ನನ್ನೇ ಕೇಳುತ್ತಿದ್ದೇನೆ. ನೀನು ಬಾ ಅಂದರೆ ಬಂದುಬಿಡುತ್ತೇನೆ, ವರ್ಷ ಹೋದರೆ ಹೋಗಲಿ. ನೀನು ಹೇಳಿದಂತೆ.

ರಾಜೇಶ್ವರಿ


ಇಂಗಳೇಶ್ವರ
೫ ನವೆಂಬರ್ ೨೦೨೪

ತಂಗಿ ಸುಜಾತಾಳಿಗೆ ಆಶೀರ್ವಾದ.

ದಿವಸದ ಕಾರ್ಯ ಮುಗಿಸಿಕೊಂಡು ನೀನು ಸಿಂದಗಿ ಬಸ್ಸು ಹತ್ತಿದ ಮೇಲೆ ಮನೆ ಬಿಕೋ ಎನ್ನುತ್ತದೆ. ಇದನ್ನು ಫೋನಿನಲ್ಲಿ ಹೇಳುವಂತಿಲ್ಲ. ಇವರ ಅಕ್ಕ ಹೊನ್ನವ್ವ ಇನ್ನೂ ಮುದ್ದೇಬಿಹಾಳಕ್ಕೆ ಹೋಗಿಲ್ಲ, ನಾನು ಒಳಗೆ ಪಿಸುಗುಟ್ಟಿದರೂ ಪಡಸಾಲೆಯಲ್ಲಿ ಅವಳಿಗೆ ಕೇಳುತ್ತದೆ. ಸಿಂದಗಿಗೆ ಟೆಂಪೊ ಒಯ್ಯುವ ನಮ್ಮ ರಾವಸಾಬನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಜೋಳದ ಡಬ್ಬಿ ಎತ್ತಿಡಲು ಹೋಗಿ ಇವರು ಗಿರಣಿಯಲ್ಲೇ ಕುಸಿದದ್ದು, ಬಾಗೇವಾಡಿ ದವಾಖಾನೆ ಮುಟ್ಟುವುದರೊಳಗೆ ಹೋಗಿಬಿಟ್ಟದ್ದು, ನನಗೆ ಇನ್ನೂ ನಂಬಿಕೆ ಬಂದಿಲ್ಲ. ಊಟದ ಹೊತ್ತಿಗೆ ತಾಟು ಇಡುತ್ತೇನೆ, ಆಮೇಲೆ ಎತ್ತುತ್ತೇನೆ.

ರಾಜಿಗೆ ಹೇಳಬೇಡಿ ಎಂದು ಮಣ್ಣು ಮಾಡಿದ ದಿನವೇ ನಾನು ಎಲ್ಲರ ಕಾಲು ಹಿಡಿದದ್ದನ್ನು ನೀನು ನೋಡಿದ್ದೀ. ಬಂದರೂ ಮುಖ ಸಿಗುವುದಿಲ್ಲ, ಪರೀಕ್ಷೆಯೂ ಕೆಡುತ್ತದೆ ಎಂದೆ. ಮೈದುನ ಸಿದ್ದರಾಯ ಹೌದೆಂದ, ಉಳಿದವರೂ ಒಪ್ಪಿದರು. ಆದರೆ ಈಗ ಅದು ಅರ್ಧ ಕಾರಣವಷ್ಟೇ. ಉಳಿದರ್ಧ ಹೊನ್ನವ್ವ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಆಡಿದ್ದು.

"ಸಾವಾದ ಮನಿ. ವರ್ಷದೊಳಗ ಅಕ್ಷತಾ ಬೀಳಬೇಕು, ಇಲ್ಲಾಂದ್ರ ಮೂರು ವರ್ಷ ಲಗ್ನ ಮಾಡಾಕ ಬರಂಗಿಲ್ಲ. ನನ್ನ ಅಮಿತ ಅದಾನ, ಸ್ವಾದರತ್ತಿ ಮಗ. ಕೂಸು ಬಂದ ಕೂಡಲೆ ಮಾಡಿ ಮುಗಸೂಣು."

"ಅಕಿ ಓದೂದು ಐತಲ್ರಿ ಅಕ್ಕಾರ," ಎಂದೆ.

"ಅಪ್ಪಿಲ್ಲದ ಹುಡಿಗಿ ಎಲ್ಲಿತನಾ ಓದತಾಳ?"

ಅವಳ ತಾಟಿಗೆ ರೊಟ್ಟಿ ಹಾಕಿ ಎದ್ದೆ. ರಾಜಿ ಈಗ ಸುದ್ದಿ ತಿಳಿದು ಓಡಿ ಬಂದರೆ ಆ ದುಃಖದಲ್ಲಿ ಯಾರು ಏನು ಹೇಳಿದರೂ ಹೂಂ ಅನ್ನುತ್ತಾಳೆ. ನಮ್ಮಪ್ಪ ಹೋದಾಗ ನನಗೇನಾಯಿತು, ನೆನಪಿದೆಯಲ್ಲ? ಹತ್ತನೆಯ ಇಯತ್ತೆಯ ಪರೀಕ್ಷೆಗೂ ಕೂಡಿಸದೆ, ವರ್ಷ ತುಂಬುತ್ತದೆ ಎಂದು ಹಸೆಗೆ ಕೂಡಿಸಿದರು. ಇವರು ಒಳ್ಳೆಯವರು ಸಿಕ್ಕರು, ಅದು ಬೇರೆ ಮಾತು. ರಾಜಿ ಆ ದಾರಿಗೆ ಬರಬಾರದು.

ಈಗ ಕೆಲಸದ ಮಾತು. ರವಿವಾರ ಅವಳು ವಿಡಿಯೋ ಮಾಡುತ್ತಾಳೆ. ಎರಡು ಸಲ ಬೆರಳಿನಿಂದ ಕ್ಯಾಮೆರಾ ಮುಚ್ಚಿಕೊಂಡು ನೆಟ್ ಇಲ್ಲವೆಂದೆ. ಇನ್ನು ನಡೆಯುವುದಿಲ್ಲ. ಕೊರಳಲ್ಲಿ ತಾಳಿ ಇಲ್ಲದ್ದನ್ನು ಸೆರಗಿನಿಂದ ಮುಚ್ಚಬಹುದು. ಹಣೆಯನ್ನು, ಕೈಯನ್ನು ಹೇಗೆ ಮುಚ್ಚಲಿ? ಒಂದು ಕುಂಕುಮದ ಡಬ್ಬಿ, ಕೈತುಂಬ ಹಸಿರು ಬಳೆ ಕಳಿಸು. ಇಲ್ಲಿ ಯಾವ ಬಳೆಗಾರ ನನಗೆ ಕೊಡುತ್ತಾನೆ? ನಿನ್ನ ಕೈಯ ಅಳತೆಯೇ ನನ್ನದು.

ನಿನ್ನ ಅಕ್ಕ,
ಸಿದ್ದಲಿಂಗವ್ವ


ಸಿಂದಗಿ
೯ ನವೆಂಬರ್ ೨೦೨೪

ಅಕ್ಕಾ,

ಮೊದಲೆಲ್ಲ 'ಸೌಭಾಗ್ಯವತಿ ಸಿದ್ದಲಿಂಗವ್ವಳಿಗೆ' ಎಂದು ಶುರು ಮಾಡುತ್ತಿದ್ದೆ. ಇವತ್ತು ಪೆನ್ನು ಅಲ್ಲೇ ನಿಂತಿತು. ಬರೀ ಅಕ್ಕಾ ಎಂದು ಬರೆದೆ.

ಸಿಟ್ಟಾಗಬೇಡ, ನಿನ್ನ ಕಾಗದ ಓದಿ ನನಗೆ ಹೆದರಿಕೆಯಾಯಿತು. ಗಂಡನಿರುವವಳು ತನ್ನ ಅಳತೆಯ ಬಳೆ ತಂದು ನಿನಗೆ ಕೊಡುವುದೆಂದರೆ ಏನು ಕೇಡೋ ಎಂದು ನನ್ನವರ ಮುಖ ನೋಡಿದಾಗಲೆಲ್ಲ ತಾಳಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಮ್ಮ ಅತ್ತೆಗೆ ತಿಳಿದರೆ ನನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಳೆಯವನು "ಕೈ ಚಾಚ್ರಿ ಅಕ್ಕಾರ, ಇಡಸ್ತೇನಿ" ಎಂದ. "ನನಗಲ್ಲೋ, ಸೀಮಂತಕ್ಕ" ಎಂದು ಸುಳ್ಳು ಹೇಳಿ ಕಾಗದದಲ್ಲಿ ಕಟ್ಟಿಸಿಕೊಂಡೆ.

ಆದರೂ ತಂದೆ. ಯಾಕೆಂದರೆ ಆ ದಿನ ನಿನ್ನ ಬಳೆ ಒಡೆಯುವಾಗ ಕೈ ಹಿಡಿದುಕೊಂಡವರಲ್ಲಿ ನಾನೂ ಇದ್ದೆ. ಶ್ರಾವಣದ ಪ್ರವಚನದಲ್ಲಿ ಇದೆಲ್ಲ ಸುಳ್ಳೆಂದು ಕೇಳಿ ತಲೆದೂಗಿ ಬಂದವರೇ ನಾವು, ಮತ್ತೆ ನಾವೇ ಹಿಡಿದೆವು. ನೀನು ಕೈ ಕೊಸರಲಿಲ್ಲ. ಅದೇ ನನಗೆ ಕಣ್ಣಿಗೆ ಕಟ್ಟಿದೆ.

ಕದ ಹಾಕಿಕೊಂಡು ಹಚ್ಚಿಕೋ. ಮಾತು ಮುಗಿದ ಕೂಡಲೇ ಒರೆಸಿಬಿಡು. ಬಳೆ ಹಿಟ್ಟಿನ ಡಬ್ಬಿಯಲ್ಲಿ ಇಡು, ಅಲ್ಲಿ ಹೊನ್ನವ್ವ ಕೈ ಹಾಕುವುದಿಲ್ಲ.

ಸುಜಾತಾ


ಇಂಗಳೇಶ್ವರ
೨೪ ನವೆಂಬರ್ ೨೦೨೪

ಕೂಸು ರಾಜೇಶ್ವರಿಗೆ ಅಪ್ಪ ಅವ್ವನ ಆಶೀರ್ವಾದ.

ನಿಮ್ಮಪ್ಪನ ಕನ್ನಡಕ ಒಡೆದಿದೆ, ಅದಕ್ಕೆ ನಿನ್ನ ಕಾಗದ ನಾನೇ ಓದಿ ಹೇಳಿದೆ. ಈ ಉತ್ತರವನ್ನೂ ನನ್ನ ಕೈಯಿಂದಲೇ ಬರೆಸುತ್ತಿದ್ದಾರೆ. ಸೇವಂತಿಗೆ ಮುಡಿದುಕೊಂಡು ಹೋದದ್ದನ್ನು ಕೇಳಿ ನಕ್ಕರು. ಗೊತ್ತಿಲ್ಲದವರಿಗೆ ದೀಪ ಹಚ್ಚಿದ್ದು ಒಳ್ಳೆಯದಾಯಿತು ಎಂದರು.

ನೀನು ಕೇಳಿದ ಮಾತಿಗೆ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. "ಕಾಳು ಸುರುವಿದ ಮ್ಯಾಲ ನಡುವ ಗಿರಣಿ ಬಂದ್ ಮಾಡಬಾರದು, ಕಲ್ಲು ಹಿಡೀತಾವ. ಫೆಬ್ರುವರಿತನಾ ತಡಿ. ಬರಬ್ಯಾಡ."

ಇನ್ನು ನನ್ನ ಮಾತು. ಕತ್ತಲಾದ ಮೇಲೆ ಬಸ್ ಸ್ಟಾಪಿನಲ್ಲಿ ಒಬ್ಬಳೇ ನಿಲ್ಲಬೇಡ, ಕಾಸಿಯಾಳನ್ನು ಜೊತೆಗೆ ಕರೆದುಕೋ. ಗುಂಪಿನವರು ಕರೆಯದಿದ್ದರೆ ನೀನೇ ಹೋಗಿ ಕೂಡು. ಎಬ್ಬಿಸಿ ಕಳಿಸುತ್ತಾರೇನು? ಕಳಿಸಿದರೆ ಮರುದಿನ ಮತ್ತೆ ಹೋಗಿ ಕೂಡು.

ಅವ್ವ


ಲುಬ್ಲಿನ್
೧೫ ಡಿಸೆಂಬರ್ ೨೦೨೪

ಅಪ್ಪನಿಗೆ ಶರಣು.

ನೀನು ಬಾ ಅನ್ನುತ್ತೀ ಎಂದೇ ನಂಬಿದ್ದೆ. ಬರಬೇಡ ಎಂದದ್ದಕ್ಕೆ ಇಡೀ ದಿನ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ, ಅಪ್ಪನೇ ಹೇಳಿದ ಮೇಲೆ ಮುಗಿಯಿತು ಎಂದು ಬ್ಯಾಗು ತೆಗೆದಿಟ್ಟೆ. ಈಗ ಏನಾದರೂ ಆದಾಗ 'ಕಲ್ಲು ಹಿಡೀತಾವ' ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಕಾಸಿಯಾಳೂ ಆ ಮಾತು ಕಲಿತಿದ್ದಾಳೆ.

ಅವ್ವ ಹೇಳಿದಂತೆ ಕರೆಯದಿದ್ದರೂ ಹೋಗಿ ಕೂತೆ. ಎಬ್ಬಿಸಲಿಲ್ಲ, ಮಾತೂ ಆಡಿಸಲಿಲ್ಲ. ಹೋದ ವಾರ ಬೇರೆ ಬೇರೆ ಕಾಳಿನ ಹಿಟ್ಟು ಪರೀಕ್ಷೆ ಮಾಡುವುದಿತ್ತು. ಜೋಳದ ಹಿಟ್ಟು ನಾದಲು ಅವರಿಗೆ ಆಗಲಿಲ್ಲ, ಮುರಿದು ಮುರಿದು ಬೀಳುತ್ತಿತ್ತು. ಬಿಸಿ ನೀರು ಹಾಕಿ ನಾದಿ, ಲ್ಯಾಬಿನ ಮೇಜಿನ ಮೇಲೆಯೇ ರೊಟ್ಟಿ ಬಡಿದೆ. ಸುಟ್ಟು ಕೊಟ್ಟಿದ್ದನ್ನು ಎಲ್ಲರೂ ತಿಂದರು. ಎರಡನೆಯ ಟೆಸ್ಟಿನಲ್ಲಿ ಪಾಸಾಗಿದ್ದೇನೆ. ಬಸ್ಸಿನ ಸೀಟು ಮಾತ್ರ ಈಗಲೂ ಖಾಲಿಯೇ.

ಇವತ್ತು ಅವ್ವ ವಿಡಿಯೋದಲ್ಲಿ ಎಷ್ಟು ಚೆಂದ ಕಂಡಳು, ಸೊರಗಿದ್ದರೂ. ಹಣೆ ತುಂಬ ಕುಂಕುಮ, ಕೈತುಂಬ ಹೊಸ ಹಸಿರು ಬಳೆ. ನಗುವಾಗ ಫೋಟೋ ಹಿಡಿದು, 'ನಮ್ಮವ್ವ' ಎಂದು ಬರೆದು ಸ್ಟೇಟಸ್ ಹಾಕಿದೆ. ಇಲ್ಲಿಯವರು ಹೊಗಳಿದ್ದೇ ಹೊಗಳಿದ್ದು. ನಮ್ಮ ಕಡೆಯವರು ನೋಡಿದರೂ ಯಾರೂ ಒಂದು ಮಾತೂ ಬರೆಯಲಿಲ್ಲ. ಹೊನ್ನವ್ವತ್ತೆಯ ಅಮಿತ ಮಾತ್ರ "ತಗಿ ರಾಜಿ, ಲಗೂ ತಗಿ" ಎಂದು ಕಳಿಸಿದ. ಯಾಕೆ ಎಂದರೆ ಉತ್ತರವಿಲ್ಲ. ಅವನಿಗೇನು ತ್ರಾಸು? ನಾನು ತೆಗೆದಿಲ್ಲ.

ರಾಜೇಶ್ವರಿ


ಇಂಗಳೇಶ್ವರ
೧೮ ಡಿಸೆಂಬರ್ ೨೦೨೪

ತಂಗಿ ಸುಜಾತಾ,

ಮುಗಿಯಿತು. ನಿನ್ನ ಹೆಸರು ನಾನು ಹೇಳಿಲ್ಲ, ನೀನೂ ಹೇಳಬೇಡ.

ಸೋಮವಾರ ಹೊತ್ತೇರುವ ಮೊದಲೇ ಹೊನ್ನವ್ವ ಮುದ್ದೇಬಿಹಾಳದಿಂದ ಬಂದು ಇಳಿದಳು. ಗಿರಣಿಯಲ್ಲಿದ್ದ ಸಿದ್ದರಾಯನನ್ನೂ ಕರೆಸಿದಳು. ಫೋನ್ ತೆರೆದು ನನ್ನ ಮುಖಕ್ಕೆ ಹಿಡಿದಳು. ಅದರಲ್ಲಿ ನಾನು, ಕುಂಕುಮ ಹಚ್ಚಿಕೊಂಡು, ಬಾಯಿತುಂಬ ನಗುತ್ತಿದ್ದೇನೆ.

"ನನ್ನ ತಮ್ಮನ ಮಣ್ಣು ಇನ್ನೂ ಹಸೀನ ಐತಿ. ನೀ ಹಿಂಗ ಶಿಂಗಾರಾಗಿ ಕುಂತೀ. ಯಾರ ಸಲುವಾಗಿ?"

"ಕೂಸಿನ ಸಲುವಾಗಿರಿ ಅಕ್ಕಾರ. ಅಕಿಗೆ ತಿಳೀಬಾರದಂತ."

"ಕೂಸಿನ ಸಲುವಾಗಿ. ಮಂದಿ ನನ್ನ ಕೇಳಾಕತ್ತಾರ, ನಿಮ್ಮ ತಮ್ಮನ ಹೇಣ್ತಿ ಇನ್ನೊಬ್ಬಂಗ ಉಡಿಕಿ ಆಗ್ಯಾಳೇನು ಅಂತ. ಏನ್ ಹೇಳಲಿ?"

ಸಿದ್ದರಾಯ ನೆಲ ನೋಡುತ್ತ ನಿಂತ. ಹೊನ್ನವ್ವ ತನ್ನ ಫೋನಿನಿಂದಲೇ ರಾಜಿಗೆ ಹಚ್ಚಿದಳು. ಅಲ್ಲಿ ಇನ್ನೂ ಬೆಳಗಾಗಿತ್ತೋ ಇಲ್ಲವೋ. "ಅತ್ತೀ, ಆರಾಮ ಅದೀರಿ?" ಎಂದು ಕೂಸು ನಗುತ್ತಲೇ ಎತ್ತಿತು.

"ಆ ಫೋಟೋ ತಗಿಯವ್ವ. ನಿಮ್ಮವ್ವ ಈಗ ಕುಂಕುಮ ಹಚಗೊಳ್ಳಾಕ ಬರಂಗಿಲ್ಲ. ನಿಮ್ಮಪ್ಪ ಹೋಗ್ಯಾನ. ದೀವಳಗಿಗಿಂತ ಮೊದಲ ಹೋಗ್ಯಾನ."

ಹೀಗೆ ತಿಳಿಯಿತು ಸುಜಾತಾ, ನನ್ನ ಮಗಳಿಗೆ ಅವಳ ಅಪ್ಪನ ಸಾವು. ಮೊದಲು ನನ್ನ ಕುಂಕುಮದ ಸುದ್ದಿ ಹೋಯಿತು, ಅಪ್ಪನ ಸುದ್ದಿ ಅದರ ಹಿಂದೆ. ರಾಜಿ "ಅವ್ವಗ ಕೊಡ್ರಿ" ಎಂದಳು. ನಾನು ಹಿಡಿದುಕೊಂಡೆ.

"ಬರಬ್ಯಾಡ ಅಂತ ಬರದದ್ದು ಯಾರವ್ವಾ?" ಎಂದು ಕೇಳಿದಳು.

ಅವಳೇ ಫೋನ್ ಇಟ್ಟಳು.

ಹೊನ್ನವ್ವ ಹಿಟ್ಟಿನ ಡಬ್ಬಿಯವರೆಗೂ ಹುಡುಕಿ ಬಳೆ ತೆಗೆದು, ನನ್ನ ಕೈಯಿಂದಲೇ ಹಿತ್ತಲಲ್ಲಿ ಒಡೆಸಿದಳು. ಈಗ ರಾಜಿ ನನ್ನ ಫೋನ್ ಎತ್ತುವುದಿಲ್ಲ. ಹೊನ್ನವ್ವನದು ಎತ್ತುತ್ತಾಳಂತೆ. ನನ್ನ ಹೆದರಿಕೆಯೆಲ್ಲ ಈಗ ಅದೇ.

ಸಿದ್ದಲಿಂಗವ್ವ


ಲುಬ್ಲಿನ್
೪ ಜನವರಿ ೨೦೨೫

ಅವ್ವಾ,

ನಿನ್ನ ಫೋನ್ ಎತ್ತುವುದಿಲ್ಲ. ಎತ್ತಿದರೆ ನೀನು ಅಳುತ್ತೀ, ನಾನು ಕರಗುತ್ತೇನೆ. ನನಗೆ ಕರಗುವುದು ಬೇಡ.

ಯಾರದೋ ಗೋರಿಗೆ ದೀಪ ಹಚ್ಚಿದೆ ಎಂದು ಬರೆದಿದ್ದೆನಲ್ಲ, ಆಗ ನನ್ನಪ್ಪ ಹೋಗಿ ವಾರವಾಗಿತ್ತು. ಅದನ್ನು ಓದಿ ನೀನು 'ನಕ್ಕರು' ಎಂದು ಬರೆದೆ. ಹೇಗೆ ಬರೆದೆ ಅವ್ವಾ? ಸತ್ತವನಿಗೆ ನಾನು ರೊಟ್ಟಿ ಬಡಿದ ಸುದ್ದಿ ಬರೆದೆ. ಅವನ ಮಾತು ಎಂದು ನಂಬಿ ಇಲ್ಲಿ ಉಳಿದೆ, ಪಾಸಾದೆ, ನಕ್ಕೆ. ಊರೆಲ್ಲ ಅತ್ತು ಮುಗಿಸಿದ ಮೇಲೆ ನನಗೆ ಅಳುವ ಸರದಿ ಬಂತು, ಆಗ ಜೊತೆಗೆ ಕೂತು ಅತ್ತವಳು ಕಾಸಿಯಾ. ಅವಳಿಗೆ ಗುರಪ್ಪ ಎಂದು ಹೇಳಲೂ ಬರುವುದಿಲ್ಲ.

ಹೊನ್ನವ್ವತ್ತೆ ದಿನಾ ಮಾತಾಡುತ್ತಾಳೆ. ನನಗೆ ನಿಜ ಹೇಳಿದವಳು ಅವಳೊಬ್ಬಳೇ. ಪರೀಕ್ಷೆ ಮುಗಿದ ಕೂಡಲೇ, ಫೆಬ್ರುವರಿ ಎರಡನೆಯ ವಾರ, ನೇರವಾಗಿ ಊರಿಗೆ ಬರುತ್ತೇನೆ. ಧಾರವಾಡ ಸಾಕು. ಅತ್ತೆ ಲಗ್ನದ ಮಾತೂ ಎತ್ತಿದಳು. ನಾನು ಬೇಡ ಅನ್ನಲಿಲ್ಲ. ಇನ್ನು ಯಾರಿಗಾಗಿ ಓದಲಿ?

ಉತ್ತರ ಬರೆಯುವುದಿದ್ದರೆ ಒಂದಕ್ಕೇ ಬರಿ. ಅಪ್ಪ ಇದ್ದಿದ್ದರೆ ಬಾ ಅನ್ನುತ್ತಿದ್ದನೋ, ಬೇಡ ಅನ್ನುತ್ತಿದ್ದನೋ? ಈ ಸಲ ಸುಳ್ಳು ಬೇಡ.

ರಾಜೇಶ್ವರಿ


ಇಂಗಳೇಶ್ವರ
೨೧ ಜನವರಿ ೨೦೨೫

ರಾಜಿ,

ಕೇಳಿದ್ದಕ್ಕೆ ಮೊದಲು ಉತ್ತರ. ನಿಮ್ಮಪ್ಪ ಇದ್ದಿದ್ದರೆ ಬಾ ಅನ್ನುತ್ತಿದ್ದರು. ಹಿಂದೆ ಮುಂದೆ ನೋಡುತ್ತಿರಲಿಲ್ಲ. ಹೋಗುವ ಹಿಂದಿನ ದಿನವೂ "ಕೂಸಿಗೆ ಅಲ್ಲಿ ಸೇರೇತೋ ಇಲ್ಲೋ, ಕರಸಿಬಿಡೂಣೇನು" ಎಂದು ಕೇಳಿದರು. "ಸುಮ್ಮ ಕುಂದರ್ರಿ" ಎಂದು ನಾನು ಗದರಿದೆ. ನಿನ್ನನ್ನು ಅಲ್ಲಿ ಉಳಿಸಿದವಳು ನಾನು. ನನ್ನ ಮಾತನ್ನು ಅವರ ಬಾಯಿಂದ ಆಡಿಸಿದೆ.

ಯಾಕೆಂದರೆ ಲಗ್ನದ ಮಾತು ಅತ್ತೆ ಈಗ ಎತ್ತಿದ್ದಲ್ಲ. ನಿಮ್ಮಪ್ಪನ ದಿವಸ ಮುಗಿದ ರಾತ್ರಿಯೇ, ಇದೇ ಮನೆಯಲ್ಲಿ, ವರ್ಷದೊಳಗೆ ನಿನ್ನನ್ನು ಅಮಿತನಿಗೆ ಮಾಡಿ ಮುಗಿಸಬೇಕು ಎಂದಳು. ಅಮಿತ ಕೆಟ್ಟವನಲ್ಲ. ಒಳ್ಳೆಯವನ ಮನೆ ಸೇರಿದರೂ ಆ ಅಡಿಗೆಮನೆಯಿಂದ ನೀನು ತಿರುಗಿ ಲ್ಯಾಬಿಗೆ ಹೋಗುವುದಿಲ್ಲ. ನಾನೂ ಒಳ್ಳೆಯವರ ಕೈಯನ್ನೇ ಹಿಡಿದಿದ್ದೆ, ಆದರೂ ಆ ಹತ್ತನೆಯ ಇಯತ್ತೆಯ ಪರೀಕ್ಷೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಅದಕ್ಕೇ ಸುಳ್ಳು ಹೇಳಿದೆ. ಮತ್ತೆ ಅಂಥ ಹೊತ್ತು ಬಂದರೆ ಮತ್ತೆ ಹೇಳುತ್ತೇನೆ.

ಇನ್ನೊಂದನ್ನು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಕುಂಕುಮ ನಿನ್ನ ಸಲುವಾಗಿ ಹಚ್ಚಿಕೊಂಡೆ ಎಂದು ಎಲ್ಲರಿಗೂ ಹೇಳಿದೆ. ಮೊದಲ ರವಿವಾರ ಅದು ನಿಜವೇ. ಆಮೇಲೆ ಶನಿವಾರದಿಂದಲೇ ಕಾಯತೊಡಗಿದೆ. ನಿನ್ನ ಮಾತು ಮುಗಿದರೂ ಒರೆಸುತ್ತಿರಲಿಲ್ಲ, ಕದ ಹಾಕಿಕೊಂಡು ಕೂತಿರುತ್ತಿದ್ದೆ. ಆಚೆ ಗಿರಣಿಯ ಸದ್ದು ಕೇಳುತ್ತಿತ್ತು. ನಡೆಸುವವನು ಸಿದ್ದರಾಯ ಎಂದು ಗೊತ್ತು, ಆದರೂ ಅಷ್ಟು ಹೊತ್ತು ಅವರೇ ಅಲ್ಲಿ ನಿಂತಿದ್ದಾರೆ, ಊಟಕ್ಕೆ ಬರುತ್ತಾರೆ ಅನ್ನಿಸುತ್ತಿತ್ತು. ಯಾರ ಸಲುವಾಗಿ ಎಂದು ಅತ್ತೆ ಕೇಳಿದಾಗ ನಾನು ಅರ್ಧವನ್ನೇ ಹೇಳಿದೆ. ನನಗೂ ಅದು ಬೇಕಿತ್ತು.

ಈಗ ನಾನು ಹೇಳುವುದನ್ನು ಕೇಳು. ಫೆಬ್ರುವರಿಯಲ್ಲಿ ಊರಿಗೆ ಬರಬೇಡ. ವಿಮಾನ ಇಳಿದವಳೇ ಧಾರವಾಡದ ಹಾಸ್ಟೆಲಿಗೆ ಹೋಗು. ಅಪ್ಪನಿಗೆ ಮಣ್ಣು ಕೊಟ್ಟ ಜಾಗ ನಮ್ಮ ಹೊಲದಲ್ಲೇ ಇದೆ, ಅದು ಎಲ್ಲಿಗೂ ಹೋಗುವುದಿಲ್ಲ. ಬರುವ ದೀಪಾವಳಿಯ ಹೊತ್ತಿಗೆ ವರ್ಷ ತುಂಬುತ್ತದೆ. ಅಲ್ಲಿಂದ ಮುಂದೆ ಮೂರು ವರ್ಷ ನಿನ್ನ ಲಗ್ನದ ಮಾತನ್ನು ಅತ್ತೆಯೂ ಎತ್ತುವಂತಿಲ್ಲ. ಅವಳದೇ ಪದ್ಧತಿ ಅದು, ತಪ್ಪಿ ನಡೆಯುವವಳಲ್ಲ ಅವಳು.

ಊರಿಗೆ ಯಾಕೆ ಬರುವುದಿಲ್ಲ ಎಂದು ಅವಳು ಕೇಳಿದರೆ ಇದ್ದದ್ದನ್ನೇ ಹೇಳು, ಅವ್ವನ ಮುಖ ನೋಡುವುದಿಲ್ಲ ಎನ್ನು. ನಾನೂ ಇಲ್ಲಿ ಹಾಗೆಯೇ ಹೇಳಿಕೊಂಡು ತಿರುಗುತ್ತೇನೆ. ನಾನು ಮಾಡಿದ್ದು ಎಲ್ಲರಿಗೂ ಗೊತ್ತಿದೆ, ಎಲ್ಲರೂ ನಂಬುತ್ತಾರೆ. ಅನುಭವಿಸಲಿ ಎಂದು ಅತ್ತೆಯೂ ಸುಮ್ಮನಾಗುತ್ತಾಳೆ.

ನಿನ್ನ ಸಿಟ್ಟೊಂದೇ ಈಗ ನಮಗೆ ಆಸರೆ ರಾಜಿ. ನಡುವೆ ಅದು ಇಳಿದುಹೋದರೂ ವರ್ಷ ತುಂಬುವವರೆಗೆ ಯಾರಿಗೂ ಹೇಳಬೇಡ. ನನಗೂ ಹೇಳಬೇಡ.

ಅವ್ವ,
ಸಿದ್ದಲಿಂಗವ್ವ